ಓದುಗರ ಪ್ರಶ್ನೋತ್ತರ: ಬ್ಯಾಂಕ್ ನೌಕರರು ಮತ್ತು ಬದಲಾಗುತ್ತಿರುವ ತಂತ್ರಜ್ಞಾನ

ಬ್ಯಾಂಕುಗಳಿಗೆ ಹೊಸ ತಂತ್ರಜ್ಞಾನ ಬಂದಾಗ ಗ್ರಾಹಕರಿಗೆ ಆದ ಅನುಕೂಲ, ಅನನುಕೂಲಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಕೌಂಟರಿನ ಒಳಗೆ ಕುಳಿತವರಿಗೆ ಏನಾಯಿತೆಂದು ಕೇಳಿದವರು ಕಡಿಮೆ. ಈ ಸಂಚಿಕೆಗೆ ಆ ವಿಷಯದ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಇನ್ನೂ ಸೇವೆಯಲ್ಲಿರುವುದರಿಂದ ಹೆಸರು, ಶಾಖೆ, ಬ್ಯಾಂಕು ಯಾವುದನ್ನೂ ಪ್ರಕಟಿಸಿಲ್ಲ. ದೀರ್ಘ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಗುಮಾಸ್ತನಾಗಿ ಸೇರಿ ಬಡ್ತಿ ಪಡೆದು ಅಧಿಕಾರಿಯಾದವನು ನಾನು. ನಿವೃತ್ತಿ ಸಮೀಪಿಸಿದೆ. ಲೆಡ್ಜರ್ ಬರೆದು ಪಳಗಿದ ಕೈ ನನ್ನದು. ತಂತ್ರಾಂಶ ಬದಲಾದಾಗಲೆಲ್ಲ ನನ್ನ ಮಕ್ಕಳ ವಯಸ್ಸಿನವರ ಬಳಿ ಹೋಗಿ ‘ಇದು ಯಾವ ಮೆನುವಿನಲ್ಲಿದೆ’ ಎಂದು ಕೇಳಬೇಕಾಗುತ್ತದೆ. ಅವರು ಗೌರವದಿಂದಲೇ ಹೇಳಿಕೊಡುತ್ತಾರೆ, ಆದರೂ ಮನಸ್ಸಿಗೆ ಕಸಿವಿಸಿ. ನಾನು ಕಲಿತದ್ದೆಲ್ಲ ವ್ಯರ್ಥವಾಯಿತೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಗೆಯ ತಿಳಿವಳಿಕೆ ಒಂದರೊಳಗೊಂದು ಬೆರೆತಿದೆ. ಯಾವ ಕೆಲಸಕ್ಕೆ ಯಾವ ಮೆನು ಎಂಬುದು ಒಂದು; ಅಲ್ಲಿ ಹಾಕಿದ ಎಂಟ್ರಿಯಿಂದ ಯಾವ ಖಾತೆಯಲ್ಲಿ ಏನು ಏರುಪೇರಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ತಂತ್ರಾಂಶದ ಆವೃತ್ತಿ ಬದಲಾದಂತೆಲ್ಲ ಹಳತಾಗುತ್ತದೆ, ನಿಮಗಷ್ಟೇ ಅಲ್ಲ, ನಿಮಗೆ ಹೇಳಿಕೊಡುವ ಆ ಕಿರಿಯರಿಗೂ. ಎರಡನೆಯದು ಅಷ್ಟು ಬೇಗ ಹಳತಾಗುವುದಿಲ್ಲ.

ಉಳಿತಾಯ ಖಾತೆಯ ಬಡ್ಡಿಯನ್ನೇ ನೋಡಿ. 2010ರ ಮಾರ್ಚ್ ಅಂತ್ಯದವರೆಗೆ, ಪ್ರತಿ ತಿಂಗಳು 10ನೇ ತಾರೀಖಿನಿಂದ ತಿಂಗಳ ಕೊನೆಯ ದಿನದವರೆಗೆ ಖಾತೆಯಲ್ಲಿ ಉಳಿದಿದ್ದ ಅತಿ ಕಡಿಮೆ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕ ಹಾಕುವ ಪದ್ಧತಿಯಿತ್ತು. ಪ್ರತಿ ಖಾತೆಯ ಪ್ರತಿ ದಿನದ ಶಿಲ್ಕನ್ನು ಹಿಡಿದು ಕೈಲೆಕ್ಕ ಮಾಡುವುದು ಆಗುವ ಮಾತಾಗಿರಲಿಲ್ಲ. ಖಾತೆಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ, 2010ರ ಏಪ್ರಿಲ್ 1ರಿಂದ, ರಿಸರ್ವ್ ಬ್ಯಾಂಕು ದಿನದ ಶಿಲ್ಕಿನ ಮೇಲೆಯೇ ಬಡ್ಡಿ ಕೊಡುವಂತೆ ಮಾಡಿತು. ಗ್ರಾಹಕನಿಗೆ ಲಾಭವಾಯಿತು, ಅರ್ಧವಾರ್ಷಿಕ ಬಡ್ಡಿಯ ಲೆಕ್ಕಕ್ಕಾಗಿ ರಾತ್ರಿಯೆಲ್ಲ ಕೂರುವುದರಿಂದ ನೌಕರನಿಗೆ ಬಿಡುಗಡೆಯಾಯಿತು. ಆ ಲೆಕ್ಕವನ್ನು ಕೈಯಲ್ಲಿ ಮಾಡುವ ಕೌಶಲಕ್ಕೆ ಇನ್ನು ಬೆಲೆಯಿಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಅದಕ್ಕಾಗಿ ಮರುಗಬೇಕೆಂದು ನನಗೆ ಅನ್ನಿಸುವುದಿಲ್ಲ.

ಬ್ಯಾಲೆನ್ಸಿಂಗಿನ, ಅಂದರೆ ಲೆಕ್ಕಪುಸ್ತಕಗಳ ಮೊತ್ತಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸದ, ಮಾತು ಬೇರೆ. ಲೆಡ್ಜರಿನ ಮೊತ್ತ ಜನರಲ್ ಲೆಡ್ಜರಿಗೆ ಹೊಂದದಿದ್ದಾಗ ನಿಮ್ಮ ತಲೆಮಾರಿನವರು ಮೊದಲು ವ್ಯತ್ಯಾಸದ ಅಂಕಿಯನ್ನೇ ದಿಟ್ಟಿಸುತ್ತಿದ್ದಿರಿ. ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿ 54ರ ಬದಲು 45 ಬಿದ್ದಿರಬಹುದು. 2ರಿಂದ ಭಾಗವಾದರೆ ಅದರ ಅರ್ಧ ಮೊತ್ತದ ವೋಚರು ಜಮೆಯ ಬದಲು ಖರ್ಚಿನ ಕಡೆ ಏರಿರಬಹುದು. ತಪ್ಪು ಹೇಗೆ ಹುಟ್ಟುತ್ತದೆ, ಎಲ್ಲಿ ಅಡಗಿಕೊಳ್ಳುತ್ತದೆ ಎಂಬ ಈ ಅಂದಾಜು ಕೋರ್ ಬ್ಯಾಂಕಿಂಗ್ (ಎಲ್ಲ ಶಾಖೆಗಳ ಖಾತೆಗಳೂ ಒಂದೇ ಕೇಂದ್ರದಲ್ಲಿರುವ ವ್ಯವಸ್ಥೆ) ಬಂದ ಮೇಲೂ ಬೇಕಾಗಿದೆ. ಎಟಿಎಮ್ಮಿನ ನಗದು ಹೊಂದದಿರುವುದು, ಲೆಕ್ಕ ಇತ್ಯರ್ಥವಾಗದ ಮೊತ್ತಗಳನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಖಾತೆಯಲ್ಲಿ ಯಾವುದೋ ಹಳೆಯ ಎಂಟ್ರಿ ಕೊಳೆಯುತ್ತಿರುವುದು, ಒಂದೇ ಜಮೆ ಎರಡು ಸಲ ಬಿದ್ದಿರುವುದು, ಇವೆಲ್ಲ ಇಂದಿಗೂ ನಡೆಯುತ್ತವೆ. ಪರದೆಯ ಮೇಲೆ ಕಂಡದ್ದನ್ನು ಸರಿಯೆಂದು ನಂಬಿ ಬೆಳೆದವರಿಗೆ ಅಂಥ ಕಡೆ ಎಲ್ಲಿಂದ ಹುಡುಕಾಟ ಶುರುಮಾಡಬೇಕೆಂದು ತೋಚುವುದಿಲ್ಲ.

ಕಾರ್ಖಾನೆ ಮತ್ತು ವಿಮಾನಗಳ ಸ್ವಯಂಚಾಲಿತ ವ್ಯವಸ್ಥೆಗಳನ್ನು ಕುರಿತು ಮನಶ್ಶಾಸ್ತ್ರಜ್ಞೆ ಲಿಸಾನ್ ಬೈನ್‌ಬ್ರಿಡ್ಜ್ 1983ರಲ್ಲಿ ಬರೆದ ಪ್ರಬಂಧವೊಂದರ ವಾದ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಯಂತ್ರವು ಸುಲಭದ ಕೆಲಸಗಳನ್ನೆಲ್ಲ ತಾನೇ ವಹಿಸಿಕೊಂಡು ಕಷ್ಟದವನ್ನು ಮನುಷ್ಯನಿಗೆ ಉಳಿಸುತ್ತದೆ; ಸುಲಭದ ಕೆಲಸಗಳನ್ನು ದಿನವೂ ಮಾಡುತ್ತ ಬರುತ್ತಿದ್ದ ಪಳಗುವಿಕೆ ತಪ್ಪಿಹೋದ ಮನುಷ್ಯನು ಆ ಕಷ್ಟದ ಗಳಿಗೆಗೆ ಸಜ್ಜಾಗಿರುವುದಿಲ್ಲ. ನಿಮ್ಮ ಶಾಖೆಯಲ್ಲಿ ಆ ಪಳಗುವಿಕೆ ಇರುವವರು ಬಹುಶಃ ನೀವೊಬ್ಬರೇ. ಮೆನು ಹೇಳಿಕೊಟ್ಟವರಿಗೆ ಇದನ್ನು ಹೇಳಿಕೊಡಿ, ಸಾಧ್ಯವಾದರೆ ನಿವೃತ್ತಿಗೆ ಮುಂಚೆ ಬರೆದಿಡಿ. ಕಸಿವಿಸಿ ಪೂರ್ತಿ ಹೋಗುತ್ತದೆಂದು ಭರವಸೆ ಕೊಡಲಾರೆ. ಹಿರಿಯರು ಹೇಳಿಕೊಡುವುದು, ಕಿರಿಯರು ಕೇಳುವುದು ಎಂಬ ಕಚೇರಿಯ ಹಳೆಯ ಕ್ರಮ ತಲೆಕೆಳಗಾದಾಗ ಯಾರಿಗಾದರೂ ಹಾಗೆ ಅನ್ನಿಸುವುದು ಸಹಜ.

ಪ್ರಶ್ನೆ: ನಮ್ಮ ತಂದೆಯವರು ಬ್ಯಾಂಕ್ ನೌಕರರ ಸಂಘದಲ್ಲಿ ಸಕ್ರಿಯರಾಗಿದ್ದರು. ಕಂಪ್ಯೂಟರ್ ಬೇಡವೆಂದು ಘೋಷಣೆ ಕೂಗಿದ್ದನ್ನು ಅವರೇ ಹೇಳುತ್ತಿದ್ದರು. ಇಂದು ಅದನ್ನು ಕೇಳಿದವರು ನಗುತ್ತಾರೆ. ಆ ವಿರೋಧ ಬರೀ ಮೂರ್ಖತನವಾಗಿತ್ತೇ?

ಉತ್ತರ: ನಗುವವರು ಆ ವಿರೋಧದ ಮೊದಲ ಅಧ್ಯಾಯವನ್ನಷ್ಟೇ ಕೇಳಿರುತ್ತಾರೆ. ಘೋಷಣೆಗಳ ನಂತರ ಏನಾಯಿತೆಂಬುದು ಹೆಚ್ಚು ಸ್ವಾರಸ್ಯಕರ. 1983ರಲ್ಲಿ ಬ್ಯಾಂಕುಗಳ ಒಕ್ಕೂಟವಾದ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಮತ್ತು ನೌಕರರ ಸಂಘಟನೆಗಳ ನಡುವೆ ಯಂತ್ರೀಕರಣದ ಬಗ್ಗೆ ಒಪ್ಪಂದವಾಯಿತು. 1987 ಮತ್ತು 1993ರಲ್ಲಿ ಮತ್ತೆ ಒಪ್ಪಂದಗಳಾದವು. ಎಲ್ಲಿ, ಯಾವ ಕೆಲಸಕ್ಕೆ, ಎಷ್ಟರಮಟ್ಟಿಗೆ ಯಂತ್ರ ಬಳಸಬಹುದು ಎಂಬುದು ಚರ್ಚೆಯ ಮೇಜಿನ ಮೇಲೆ ತೀರ್ಮಾನವಾಯಿತು. ಅದೇ ಕಾಲದಲ್ಲಿ ರಿಸರ್ವ್ ಬ್ಯಾಂಕಿನ ಅಂದಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ಒಂದು, 1989ರಲ್ಲಿ ಮತ್ತೊಂದು ವರದಿ ಕೊಟ್ಟು ಬ್ಯಾಂಕುಗಳ ಕಂಪ್ಯೂಟರೀಕರಣದ ದಾರಿಯನ್ನು ಹಾಕಿತು. ಮೊದಲಿಗೆ ಶಾಖೆಗಳಿಗೆ ಬಂದದ್ದು ಎಎಲ್‌ಪಿಎಂ ಎಂಬ ಲೆಡ್ಜರ್ ಪೋಸ್ಟಿಂಗ್ ಯಂತ್ರ. ಅದಕ್ಕೆ ಇನ್ನೊಂದು ಶಾಖೆಯ ಸಂಪರ್ಕವಿರಲಿಲ್ಲ. ಆ ಶಾಖೆಯ ಲೆಡ್ಜರನ್ನು ಬರೆಯುವುದಷ್ಟೇ ಅದರ ಕೆಲಸ. ಆಮೇಲೆ ಇಡೀ ಶಾಖೆಯ ಗಣಕೀಕರಣ, ಅನಂತರ ಎಲ್ಲ ಶಾಖೆಗಳನ್ನೂ ಒಂದೇ ಕೇಂದ್ರಕ್ಕೆ ಜೋಡಿಸುವ ಕೋರ್ ಬ್ಯಾಂಕಿಂಗ್ ಬಂದವು.

ಸಂಘಗಳು ಕೆಲಸ ಹೋಗುವ ಭಯದಿಂದಲೇ ವಿರೋಧಿಸಿದ್ದು ನಿಜ. ಆದರೆ ಆ ವಿರೋಧದ ಫಲವಾಗಿ ಬದಲಾವಣೆಗೊಂದು ವೇಗದ ಮಿತಿಯೂ, ಅದರ ಬಗ್ಗೆ ನೌಕರರೊಡನೆ ಮಾತನಾಡಿಯೇ ಮುಂದುವರಿಯಬೇಕೆಂಬ ರೂಢಿಯೂ ಒಂದಿಷ್ಟು ಕಾಲ ಉಳಿದವು. ಇಂದು ಮೊಬೈಲಿಗೆ ಹೊಸ ಆ್ಯಪ್ ಬಂದಾಗಲೋ, ಸಾಲ ಮಂಜೂರಾತಿಯ ಹೊಸ ವೇದಿಕೆ ಬಂದಾಗಲೋ ಅದನ್ನು ಬಳಸಬೇಕಾದವರಿಗೆ ಸಿಗುವುದು ಒಂದು ಸುತ್ತೋಲೆ ಮತ್ತು ಒಂದು ವೀಡಿಯೊ. ತಂದೆಯವರ ತಲೆಮಾರು ಕಂಪ್ಯೂಟರಿನ ಸಾಮರ್ಥ್ಯವನ್ನು ತಪ್ಪಾಗಿ ಅಳೆದಿರಬಹುದು; ಕೆಲಸ ಮಾಡುವವನನ್ನು ಕೇಳದೆ ಕೆಲಸದ ಸ್ವರೂಪ ಬದಲಿಸಬಾರದೆಂಬ ಅವರ ಮಾತಿನಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ.

ಪ್ರಶ್ನೆ: ಯಂತ್ರ ಬಂದದ್ದರಿಂದ ಬ್ಯಾಂಕ್ ಉದ್ಯೋಗಗಳು ನಿಜವಾಗಿ ಕಡಿಮೆಯಾದವೇ? ಇಲ್ಲವೆಂದು ಕೆಲವರು, ಹೌದೆಂದು ಕೆಲವರು ವಾದಿಸುತ್ತಾರೆ.

ಉತ್ತರ: ಇಬ್ಬರೂ ಬೇರೆ ಬೇರೆ ಅವಧಿಯನ್ನು ನೋಡುತ್ತಿದ್ದಾರೆ. ಜಗತ್ತಿನ ಮೊದಲ ನಗದು ಯಂತ್ರವನ್ನು ಬಾರ್ಕ್ಲೇಸ್ ಬ್ಯಾಂಕು 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್ ಶಾಖೆಯಲ್ಲಿ ತೆರೆದಾಗ, ಇನ್ನು ಕ್ಯಾಶಿಯರುಗಳು ಬೇಕಿಲ್ಲ ಎಂದು ಯಾರಿಗಾದರೂ ಅನ್ನಿಸಬಹುದಾಗಿತ್ತು. (ಆ ಯಂತ್ರದ ಹಿಂದಿದ್ದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ.) ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸೆನ್ ಅಲ್ಲಿನ ಅಂಕಿ ಅಂಶಗಳನ್ನು ಹಿಡಿದು ತೋರಿಸಿದ್ದು ಬೇರೆ: 1988 ಮತ್ತು 2004ರ ನಡುವೆ ನಗರದ ಒಂದು ಶಾಖೆಗೆ ಬೇಕಾದ ಟೆಲ್ಲರುಗಳ (ಕೌಂಟರಿನಲ್ಲಿ ಹಣ ಕೊಟ್ಟು ತೆಗೆದುಕೊಳ್ಳುವವರ) ಸಂಖ್ಯೆ ಸರಾಸರಿ 20ರಿಂದ 13ಕ್ಕೆ ಇಳಿಯಿತು, ಆದರೆ ಶಾಖೆ ನಡೆಸುವ ಖರ್ಚು ತಗ್ಗಿದ್ದರಿಂದ ನಗರದ ಶಾಖೆಗಳೇ ಶೇ 43ರಷ್ಟು ಹೆಚ್ಚಾದವು. ಒಟ್ಟು ಉದ್ಯೋಗ ಕುಸಿಯಲಿಲ್ಲ. ಯಂತ್ರದ ಪರವಾಗಿ ಮಾತನಾಡುವವರು ಈ ಉದಾಹರಣೆಯನ್ನು ಎತ್ತಿಹಿಡಿದು ಅಲ್ಲಿಗೇ ನಿಲ್ಲುತ್ತಾರೆ. ಮೊಬೈಲ್ ಬ್ಯಾಂಕಿಂಗ್ ಬಲಗೊಂಡ ಮೇಲೆ ಶಾಖೆಯೇ ಬೇಕಾಗದ ಸ್ಥಿತಿ ಬಂದು, ಅಲ್ಲಿಯೂ ಟೆಲ್ಲರುಗಳ ಸಂಖ್ಯೆ ಇಳಿಯತೊಡಗಿತು ಎಂಬ ಮುಂದಿನ ಭಾಗವನ್ನು ಹೇಳುವುದಿಲ್ಲ.

ನಮ್ಮಲ್ಲಿ 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಮಂದಿ ಸ್ವಯಂ ನಿವೃತ್ತಿ ಯೋಜನೆಯಡಿ ಹೊರಬಂದರು. ಅದೇ ಹೊತ್ತಿಗೆ, ವಹಿವಾಟಿನ ಶೇ 70ರಷ್ಟನ್ನು 2001ರ ಜನವರಿ 1ರೊಳಗೆ ಗಣಕೀಕರಿಸಬೇಕೆಂದು ಕೇಂದ್ರ ಜಾಗೃತ ಆಯೋಗ ಸೂಚಿಸಿತ್ತು. ಒಂದು ಇನ್ನೊಂದರ ನೇರ ಫಲವೆಂದು ಹೇಳುವುದು ಅತಿಯಾಗುತ್ತದೆ, ಸಂಬಂಧವೇ ಇಲ್ಲವೆನ್ನುವುದೂ ಸರಿಯಲ್ಲ. ಅದಕ್ಕಿಂತ ಮುಖ್ಯವಾದದ್ದು ಉದ್ಯೋಗದ ರಚನೆ ಬದಲಾದದ್ದು. ಗುಮಾಸ್ತರ ಪ್ರಮಾಣ ತಗ್ಗಿ, ಸರ್ಕಾರಿ ಬ್ಯಾಂಕುಗಳಲ್ಲಿ ಇಂದು ಅಧಿಕಾರಿಗಳ ಸಂಖ್ಯೆಯೇ ಹೆಚ್ಚು. 2006ರಿಂದ ರಿಸರ್ವ್ ಬ್ಯಾಂಕು ಅನುಮತಿಸಿದ ಬಿಸಿನೆಸ್ ಕರೆಸ್ಪಾಂಡೆಂಟರು, ಅಂದರೆ ಬ್ಯಾಂಕ್ ಮಿತ್ರರು, ಹಳ್ಳಿಗಳಲ್ಲಿ ಹಣ ಕಟ್ಟಿಸಿಕೊಳ್ಳುತ್ತಾರೆ, ಕೊಡುತ್ತಾರೆ, ಖಾತೆ ತೆರೆಸುತ್ತಾರೆ. ಆದರೆ ಅವರು ಬ್ಯಾಂಕಿನ ನೌಕರರಲ್ಲ, ಅವರಿಗೆ ಸಿಗುವುದು ಕಮಿಷನ್. ಬ್ಯಾಂಕ್ ಉದ್ಯೋಗಗಳನ್ನು ಎಣಿಸುವಾಗ ಈ ಮಂದಿಯನ್ನು ಯಾವ ಕಡೆಗೆ ಸೇರಿಸಬೇಕೆಂದು ಕೇಳಿದರೆ ಎರಡೂ ಪಕ್ಷದವರು ತಡಕಾಡುತ್ತಾರೆ.

ಪ್ರಶ್ನೆ: ನಾನು ನೌಕರಳಲ್ಲ, ಗ್ರಾಹಕಳು. ಏನು ಕೇಳಿದರೂ ಬ್ಯಾಂಕಿನವರು ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎನ್ನುತ್ತಾರೆ. ಮೊದಲು ಮ್ಯಾನೇಜರ್ ಹತ್ತಿರ ಹೋದರೆ ಕೆಲಸವಾಗುತ್ತಿತ್ತು. ಇದು ಕೆಲಸ ತಪ್ಪಿಸಿಕೊಳ್ಳುವ ನೆಪವಲ್ಲವೇ?

ಉತ್ತರ: ಕೆಲವೊಮ್ಮೆ ನೆಪವೇ ಹೌದು, ಅದನ್ನು ಮುಚ್ಚಿಡಬೇಕಾಗಿಲ್ಲ. ಹೆಚ್ಚಿನ ಸಲ ಅದು ನಿಜ, ಮತ್ತು ಆ ಮಾತನ್ನು ಆಡುವವರಿಗೆ ಕೇಳುವ ನಿಮಗಿಂತ ಕಡಿಮೆ ಬೇಸರವೇನೂ ಇರುವುದಿಲ್ಲ.

ಲೆಡ್ಜರ್ ಶಾಖೆಯಲ್ಲಿದ್ದಾಗ ಖಾತೆ ಶಾಖೆಯದಾಗಿತ್ತು. ಕ್ಯಾಶಿಯರಿಗೆ ನಿಮ್ಮ ಮುಖ ಗೊತ್ತು, ಸಹಿ ಸ್ವಲ್ಪ ಓರೆಯಾಗಿದ್ದರೆ ನಿಮ್ಮನ್ನು ಕರೆದು ಎದುರಿಗೇ ಇನ್ನೊಂದು ಸಹಿ ಮಾಡಿಸಿಕೊಂಡು ಚೆಕ್ಕು ಪಾಸು ಮಾಡುವ ವಿವೇಚನೆ ಅಧಿಕಾರಿಗಿತ್ತು. ಕೋರ್ ಬ್ಯಾಂಕಿಂಗಿನಲ್ಲಿ ನೀವು ಶಾಖೆಯ ಗ್ರಾಹಕರಲ್ಲ, ಬ್ಯಾಂಕಿನ ಗ್ರಾಹಕರು. ಯಾವ ಖಾತೆಯಲ್ಲಿ ಯಾವ ವ್ಯವಹಾರಕ್ಕೆ ಅವಕಾಶ, ಯಾವುದಕ್ಕೆ ತಡೆ ಎಂಬ ನಿಯಮಗಳನ್ನು ಪ್ರಧಾನ ಕಚೇರಿ ಒಂದೇ ಕಡೆ ಕೂತು ನಿಗದಿಪಡಿಸುತ್ತದೆ. ಕೆವೈಸಿ ನವೀಕರಿಸದ ಖಾತೆಗೆ ತಡೆ ಬೀಳುವುದು, 2 ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವೆಂದು ಗುರುತಾಗುವುದು ಇವು ಶಾಖೆಯ ಯಾರೂ ಕೈಹಾಕದೆ ನಡೆಯುತ್ತವೆ. ನೀವು ಯುಪಿಐ ಮೂಲಕ ತಪ್ಪು ಖಾತೆಗೆ ಹಣ ಕಳಿಸಿದರೆ, ಅದನ್ನು ಪಡೆದವರ ಒಪ್ಪಿಗೆಯಿಲ್ಲದೆ ನಿಮ್ಮ ಶಾಖೆಯ ಮ್ಯಾನೇಜರ್ ಹಿಂದಕ್ಕೆ ತೆಗೆಯಲಾರರು, ಅವರು ಎಷ್ಟೇ ಸಜ್ಜನರಾಗಿದ್ದರೂ.

ಇದರಲ್ಲಿ ಒಳಿತಿದೆ. ಮುಖ ನೋಡಿ ಮಣೆ ಹಾಕುವ ಪದ್ಧತಿಯಲ್ಲಿ ಮುಖಪರಿಚಯವಿಲ್ಲದ ಬಡವನಿಗೆ ಮಣೆ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ನೌಕರನ ದೃಷ್ಟಿಯಿಂದ ನೋಡಿದರೆ ಆದದ್ದು ಇಷ್ಟು: ನಿರ್ಧರಿಸುವ ಅಧಿಕಾರ ಕೇಂದ್ರಕ್ಕೆ ಹೋಯಿತು, ಆ ನಿರ್ಧಾರಕ್ಕಾಗಿ ಬೈಸಿಕೊಳ್ಳುವ ಕೆಲಸ ಕೌಂಟರಿನಲ್ಲೇ ಉಳಿಯಿತು. ತಾನು ಮಾಡದ, ತಾನು ಬದಲಿಸಲಾಗದ, ಹಲವು ಸಲ ತನಗೇ ಕಾರಣ ತಿಳಿಯದ ತಡೆಯೊಂದನ್ನು ದಿನಕ್ಕೆ ಹತ್ತಾರು ಜನರಿಗೆ ಸಮರ್ಥಿಸಬೇಕಾದವನ ಸ್ಥಿತಿಯನ್ನು ಒಮ್ಮೆ ಊಹಿಸಿ. ಬ್ಯಾಂಕ್ ನೌಕರರ ದಣಿವಿಗೆ ಕಾರಣ ಕಂಪ್ಯೂಟರ್ ಕಲಿಯುವ ಕಷ್ಟವೆಂದು ಜನ ತಿಳಿದಿದ್ದಾರೆ. ನಾನು ಅವರ ಪತ್ರಗಳಿಂದ ಕಂಡುಕೊಂಡಂತೆ, ಅಧಿಕಾರವಿಲ್ಲದ ಕಡೆ ಹೊಣೆ ಹೊರುವುದೇ ಅದಕ್ಕಿಂತ ಹೆಚ್ಚು ದಣಿಸುತ್ತದೆ.

ನಿಮಗೆ ಉಪಯೋಗವಾಗುವ ಮಾತು: ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂದಾಗ ಪರದೆಯ ಮೇಲೆ ಬಂದಿರುವ ಸಂದೇಶ ಏನೆಂದು ಕೇಳಿ, ದೂರು ದಾಖಲಿಸಿ ಅದರ ಸಂಖ್ಯೆ ಪಡೆಯಿರಿ. ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ತೃಪ್ತಿ ತರದಿದ್ದರೆ, ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗುವ ಹಕ್ಕು ನಿಮಗಿದೆ. ದಾಖಲಾದ ದೂರಿನಿಂದ ಕೌಂಟರಿನ ನೌಕರನಿಗೆ ಉಪಕಾರವೇ ಆಗುತ್ತದೆ, ಏಕೆಂದರೆ ಆಗ ಪ್ರಶ್ನೆ ಉತ್ತರಿಸಬೇಕಾದವರ ಬಳಿಗೆ ಹೋಗುತ್ತದೆ.

ಪ್ರಶ್ನೆ: ಸಿಬ್ಬಂದಿ ಕಡಿಮೆಯಿರುವ ನಮ್ಮ ಶಾಖೆಯಲ್ಲಿ ಒಬ್ಬರು ರಜೆಯಲ್ಲಿದ್ದರೆ ಅವರ ಪಾಸ್‌ವರ್ಡ್ ಬಳಸಿ ಇನ್ನೊಬ್ಬರು ಎಂಟ್ರಿ ಆಥರೈಸ್ ಮಾಡುವುದು ವಾಡಿಕೆ. ಇಲ್ಲದಿದ್ದರೆ ಕೆಲಸ ನಿಂತುಹೋಗುತ್ತದೆ. ನಾನೊಬ್ಬಳೇ ಬೇಡವೆಂದರೆ ಹಟಮಾರಿ ಎನ್ನಿಸಿಕೊಳ್ಳುತ್ತೇನೆ.

ಉತ್ತರ: ಎನ್ನಿಸಿಕೊಳ್ಳಿ. ಎಂಟ್ರಿ ಹಾಕುವವರು ಒಬ್ಬರು, ಅದನ್ನು ಪರಿಶೀಲಿಸಿ ಒಪ್ಪುವವರು ಇನ್ನೊಬ್ಬರು ಇರಬೇಕೆಂಬ ನಿಯಮ ಕಂಪ್ಯೂಟರಿಗಿಂತ ಹಳೆಯದು. ಎರಡೂ ಐಡಿಗಳು ಒಬ್ಬರ ಕೈಯಲ್ಲಿದ್ದರೆ ಆ ನಿಯಮ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ನಾಳೆ ಆ ಎಂಟ್ರಿಯ ತನಿಖೆಯಾದರೆ ದಾಖಲೆಯಲ್ಲಿ ಕಾಣುವುದು ಯಾರ ಐಡಿ ಎಂಬುದಷ್ಟೇ, ಅದನ್ನು ಒತ್ತಿದ ಬೆರಳು ಯಾರದೆಂಬುದಲ್ಲ. 2018ರಲ್ಲಿ ಬೆಳಕಿಗೆ ಬಂದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಂಚನೆ ಪ್ರಕರಣದಲ್ಲಿ, ವಿದೇಶಿ ವ್ಯವಹಾರದ ಸಂದೇಶಗಳನ್ನು ಬ್ಯಾಂಕುಗಳು ಪರಸ್ಪರ ಕಳಿಸುವ ಸ್ವಿಫ್ಟ್ ಜಾಲದಿಂದ ಹೋದ ಸಂದೇಶಗಳು ಕೋರ್ ಬ್ಯಾಂಕಿಂಗಿನಲ್ಲಿ ದಾಖಲಾಗಿರಲೇ ಇಲ್ಲ. ಎರಡನ್ನೂ ಜೋಡಿಸುವಂತೆ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ ಗಡುವು ಕೊಡಬೇಕಾಯಿತು. ಒಳಗಿನವರ ಅಡ್ಡದಾರಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ಇಡೀ ವ್ಯವಸ್ಥೆ ಅಂದು ಕಂಡಿತು.

ಕೆಲಸ ನಿಲ್ಲುವುದಾದರೆ ನಿಲ್ಲಲಿ. ಸಿಬ್ಬಂದಿ ಸಾಲದು, ತಾತ್ಕಾಲಿಕವಾಗಿ ಇನ್ನೊಬ್ಬರಿಗೆ ಅಧಿಕಾರ ವಹಿಸಿಕೊಡಿ ಎಂದು ಇಮೇಲಿನಲ್ಲಿ ಬರೆಯಿರಿ, ಬಾಯಿಮಾತಿನಲ್ಲಿ ಬೇಡ. ಪಾಸ್‌ವರ್ಡ್ ಹಂಚಿಕೊಂಡು ಕೆಲಸ ಸಾಗಿಸುವವರೆಗೂ ನಿಮ್ಮ ಶಾಖೆಯಲ್ಲಿ ಜನ ಸಾಕಷ್ಟಿದ್ದಾರೆಂದೇ ಮೇಲಿನವರು ತಿಳಿಯುತ್ತಾರೆ.

ಪ್ರಶ್ನೆ: ಸೇರಿ ಹೆಚ್ಚು ವರ್ಷವಾಗಿಲ್ಲದ ಅಧಿಕಾರಿ ನಾನು. ಕಂಪ್ಯೂಟರ್ ನನಗೆ ಕಷ್ಟವಲ್ಲ. ಕಷ್ಟವಾಗಿರುವುದು ಮೊಬೈಲ್ ಗುಂಪುಗಳು. ಎಷ್ಟು ಖಾತೆ, ಎಷ್ಟು ವಿಮೆ, ಎಷ್ಟು ಆ್ಯಪ್ ನೋಂದಣಿ ಎಂದು ಪ್ರಾದೇಶಿಕ ಕಚೇರಿ ದಿನಕ್ಕೆ ಹಲವು ಸಲ ಕೇಳುತ್ತದೆ. ರಾತ್ರಿ, ಭಾನುವಾರವೂ ಬಿಡುವಿಲ್ಲ. ತಂತ್ರಜ್ಞಾನದಿಂದ ಕೆಲಸ ಹಗುರವಾಗಬೇಕಿತ್ತಲ್ಲವೇ?

ಉತ್ತರ: ಮಾಡುವ ಕೆಲಸ ಹಗುರವಾಯಿತು, ಆದರೆ ಮಾಡಿಸುವುದು ಅದಕ್ಕಿಂತ ಹಗುರವಾಯಿತು. ಶಾಖೆಯ ಪ್ರಗತಿ ಪ್ರಾದೇಶಿಕ ಕಚೇರಿಗೆ ಪತ್ರಗಳ ಮೂಲಕ ತಿಳಿಯುತ್ತಿದ್ದ ಕಾಲದಲ್ಲಿ ದಿನಕ್ಕೆ ನಾಲ್ಕು ಸಲ ಕೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಈಗ ಡ್ಯಾಶ್‌ಬೋರ್ಡಿನಲ್ಲಿ ಎಲ್ಲವೂ ಆಯಾ ಕ್ಷಣಕ್ಕೆ ಕಾಣುತ್ತದೆ. ವಿಚಿತ್ರವೆಂದರೆ, ಡ್ಯಾಶ್‌ಬೋರ್ಡಿನಲ್ಲಿ ಇರುವ ಅಂಕಿಯನ್ನೇ ಮತ್ತೆ ಗುಂಪಿನಲ್ಲಿ ಟೈಪ್ ಮಾಡಿ ಕಳಿಸುವಂತೆಯೂ ಕೇಳುತ್ತಾರೆ. ಅದರಿಂದ ಯಾವ ಮಾಹಿತಿಯೂ ಹೊಸದಾಗಿ ಸಿಗುವುದಿಲ್ಲ. ನೀವು ಎಚ್ಚರವಾಗಿದ್ದೀರಿ ಎಂಬುದು ಖಚಿತವಾಗುತ್ತದೆ, ಅಷ್ಟೆ.

ಪಾವತಿ ವ್ಯವಸ್ಥೆಯಲ್ಲಾದ ಬದಲಾವಣೆಯೂ ಇದಕ್ಕೆ ಜೊತೆಗೂಡಿದೆ. ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತಿವೆ. ಯುಪಿಐ ಮೊದಲಿನಿಂದಲೂ ಹಾಗೆಯೇ. ಹಣ ಯಾವ ಹೊತ್ತಿನಲ್ಲೂ ಚಲಿಸುವಾಗ ಮನುಷ್ಯರೂ ಯಾವ ಹೊತ್ತಿನಲ್ಲೂ ಸಿಗಬೇಕೆಂಬ ಭಾವನೆ ಮೇಲಿನವರಲ್ಲಿ ಮೆಲ್ಲನೆ ಬೆಳೆದಿದೆ. ಗುಮಾಸ್ತರಿಗೆ ದ್ವಿಪಕ್ಷೀಯ ಒಪ್ಪಂದದಂತೆ ಕೆಲಸದ ಅವಧಿ ಮತ್ತು ಓವರ್‌ಟೈಮಿನ ನಿಯಮಗಳಿವೆ. ಅಧಿಕಾರಿಗಳಿಗೆ ಓವರ್‌ಟೈಮ್ ಇಲ್ಲ. ಕೆಲಸದ ಅವಧಿಯಾಚೆ ಕಚೇರಿಯ ಸಂದೇಶಗಳಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ 2017ರ ಜನವರಿಯಿಂದ, ಆಸ್ಟ್ರೇಲಿಯಾ 2024ರ ಆಗಸ್ಟಿನಿಂದ ಕಾನೂನಿನಲ್ಲಿ ತಂದಿವೆ. ನಮ್ಮ ಲೋಕಸಭೆಯಲ್ಲಿ ಅಂಥದೊಂದು ಖಾಸಗಿ ಸದಸ್ಯರ ಮಸೂದೆ ಮಂಡನೆಯಾದದ್ದುಂಟು, ಕಾನೂನಾಗಲಿಲ್ಲ.

ಹಾಗಾಗಿ ನಿಮ್ಮ ಕೈಯಲ್ಲಿರುವುದು ಸಣ್ಣ ಉಪಾಯಗಳು. ಗುಂಪಿಗೆ ಉತ್ತರಿಸಲು ದಿನದಲ್ಲಿ ಎರಡು ಹೊತ್ತು ಗೊತ್ತುಮಾಡಿಕೊಂಡು, ಅದನ್ನು ಮ್ಯಾನೇಜರಿಗೆ ಮೊದಲೇ ತಿಳಿಸಿ. ಒಬ್ಬರೇ ಹೀಗೆ ಮಾಡಿದರೆ ಉದ್ಧಟತನವೆನಿಸಬಹುದು, ಶಾಖೆಯವರೆಲ್ಲ ಸೇರಿ ಮಾಡಿದರೆ ಕ್ರಮವಾಗುತ್ತದೆ. ವಿಮೆಯಂಥ ಉತ್ಪನ್ನಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಡ್ಯಾಶ್‌ಬೋರ್ಡಿನ ಒಂದು ಅಂಕಿಗಾಗಿ, ಅರ್ಥಮಾಡಿಕೊಳ್ಳದ ಗ್ರಾಹಕರಿಂದ ಸಹಿ ಹಾಕಿಸಿಕೊಳ್ಳಬೇಡಿ. ಟಾರ್ಗೆಟ್ ಕೊಟ್ಟವರ ಹೆಸರು ಆ ಅರ್ಜಿಯಲ್ಲಿ ಇರುವುದಿಲ್ಲ, ನಿಮ್ಮದಿರುತ್ತದೆ.

ಪ್ರಶ್ನೆ: ವಿಲೀನದ ನಂತರ ನಮ್ಮ ಶಾಖೆ ಬೇರೊಂದು ತಂತ್ರಾಂಶಕ್ಕೆ ವರ್ಗವಾಗಲಿದೆ. ಮ್ಯಾನೇಜರ್ ಆಗಿ ನಾನು ಸಿಬ್ಬಂದಿಯನ್ನು ಹೇಗೆ ಸಿದ್ಧಗೊಳಿಸಲಿ?

ಉತ್ತರ: ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನಲ್ಲಿ ತನ್ನ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸಿತು. ಮಾಹಿತಿ ಸರಿಯಾಗಿಯೇ ವರ್ಗವಾಯಿತು, ವ್ಯವಸ್ಥೆ ಕೈಕೊಟ್ಟಿತು. ಗ್ರಾಹಕರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ. ಪೂರ್ತಿ ಸರಿಯಾಗಲು ಡಿಸೆಂಬರ್ ಬಂತು. ಶಾಖೆಯ ನೌಕರರು ಕಂಪ್ಯೂಟರಿನ ಎದುರು ಏನೂ ಮಾಡಲಾಗದೆ ನಿಂತು ಜನರ ಸಿಟ್ಟಿಗೆ ಗುರಿಯಾದರು. ಅಲ್ಲಿನ ನಿಯಂತ್ರಕರು 2022ರಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಹಾಕಿದರು, ಮರುವರ್ಷ ಅಂದಿನ ಮುಖ್ಯ ಮಾಹಿತಿ ಅಧಿಕಾರಿಗೂ ವೈಯಕ್ತಿಕವಾಗಿ ದಂಡ ವಿಧಿಸಿದರು. ಹೊಣೆ ಕೌಂಟರಿನಿಂದ ಮೇಲಕ್ಕೆ ಏರಿದ ಅಪರೂಪದ ಉದಾಹರಣೆ ಇದು.

ನಿಮ್ಮ ಮಟ್ಟದಲ್ಲಿ ಆಗುವುದನ್ನು ಹೇಳುತ್ತೇನೆ. ತರಬೇತಿಯಲ್ಲಿ ಸರಾಗವಾದ ವ್ಯವಹಾರಗಳನ್ನು ತೋರಿಸುತ್ತಾರೆ. ನಿಮ್ಮ ಶಾಖೆಯಲ್ಲಿ ತೊಡಕು ತರುವ ವ್ಯವಹಾರಗಳ ಪಟ್ಟಿಯನ್ನು ಸಿಬ್ಬಂದಿಯಿಂದಲೇ ಬರೆಸಿ, ಮರಣ ಹೊಂದಿದವರ ಖಾತೆ, ಜಂಟಿ ಲಾಕರ್, ಅರ್ಧ ತೀರಿದ ಒಡವೆ ಸಾಲ, ಅಪ್ರಾಪ್ತರ ಠೇವಣಿ ಇಂಥವು. ಅವನ್ನು ಹೊಸ ತಂತ್ರಾಂಶದ ಅಭ್ಯಾಸದ ಪರದೆಯಲ್ಲಿ ಮಾಡಿನೋಡಲು ಬಿಡಿ. ವರ್ಗಾವಣೆಯ ಮುನ್ನ ಮುಖ್ಯ ಖಾತೆಗಳ ಶಿಲ್ಕು, ಸಾಲಗಳ ಬಡ್ಡಿದರ, ಕಂತಿನ ದಿನಾಂಕಗಳನ್ನು ಮುದ್ರಿಸಿ ಇಟ್ಟುಕೊಳ್ಳಿ, ಏಕೆಂದರೆ ಹಳೆಯ ವ್ಯವಸ್ಥೆ ಮುಚ್ಚಿದ ಮೇಲೆ ಹೋಲಿಸಿ ನೋಡಲು ನಿಮ್ಮ ಬಳಿ ಬೇರೇನೂ ಇರುವುದಿಲ್ಲ. ಮೊದಲ ವಾರ ಸಾಲ ಮೇಳ, ಖಾತೆ ಅಭಿಯಾನ ಯಾವುದನ್ನೂ ಒಪ್ಪಿಕೊಳ್ಳಬೇಡಿ. ನಿಮ್ಮ ಕುರ್ಚಿಯನ್ನು ಕೋಣೆಯಿಂದ ಹೊರಗೆ, ಕೌಂಟರಿನ ಪಕ್ಕಕ್ಕೆ ತನ್ನಿ. ಬೈಗುಳ ಬರುವುದಿದ್ದರೆ ಮೊದಲು ನಿಮಗೆ ಬರಲಿ.

ಪ್ರಶ್ನೆ: ನಾನು ಸಾಲ ವಿಭಾಗದಲ್ಲಿದ್ದೇನೆ. ಈಗ ಅರ್ಜಿಯನ್ನು ತಂತ್ರಾಂಶವೇ ಅಳೆದು ‘ತಿರಸ್ಕೃತ’ ಎನ್ನುತ್ತದೆ. ಕಾರಣ ನನಗೂ ತಿಳಿಯುವುದಿಲ್ಲ. ಎದುರಿಗೆ ಕುಳಿತ ಅರ್ಜಿದಾರರಿಗೆ ಏನು ಹೇಳಲಿ? ಮುಂದೆ ಕೃತಕ ಬುದ್ಧಿಮತ್ತೆ ಬಂದರೆ ನಮ್ಮ ಪಾತ್ರವೇನು?

ಉತ್ತರ: ಕಾರಣ ತಿಳಿಯುವುದಿಲ್ಲವೆಂದು ಅವರಿಗೆ ಹೇಳಬೇಡಿ, ಕಾರಣವನ್ನು ತರಿಸಿಕೊಡುತ್ತೇನೆಂದು ಹೇಳಿ. ಸಾಲ ನಿರಾಕರಿಸಿದರೆ ಅದರ ಮುಖ್ಯ ಕಾರಣವನ್ನು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂಬುದು ಸಾಲದಾತರಿಗೆ ರಿಸರ್ವ್ ಬ್ಯಾಂಕು ರೂಪಿಸಿದ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲೇ ಇದೆ. ‘ತಂತ್ರಾಂಶ ಬೇಡವೆಂದಿತು’ ಎಂಬುದು ಕಾರಣವಾಗುವುದಿಲ್ಲ. ಯುರೋಪಿನ ಒಕ್ಕೂಟವು 2024ರಲ್ಲಿ ತಂದ ಕೃತಕ ಬುದ್ಧಿಮತ್ತೆಯ ಕಾನೂನಿನಲ್ಲಿ, ವ್ಯಕ್ತಿಗಳ ಸಾಲಾರ್ಹತೆ ಅಳೆಯುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿ, ಮನುಷ್ಯರ ಮೇಲ್ವಿಚಾರಣೆಯನ್ನು ಕಡ್ಡಾಯ ಮಾಡಲಾಗಿದೆ.

ಆದರೆ ಮೇಲ್ವಿಚಾರಣೆಗೆ ಒಬ್ಬ ಮನುಷ್ಯನನ್ನು ಕೂರಿಸಿದ ಮಾತ್ರಕ್ಕೆ ಅದು ಮೇಲ್ವಿಚಾರಣೆಯಾಗುವುದಿಲ್ಲ. ಯಂತ್ರದ ತೀರ್ಮಾನವನ್ನು ಬದಲಿಸಲು ಅಧಿಕಾರ, ಪರಿಶೀಲಿಸಲು ಸಮಯ, ಬದಲಿಸಿದ ಮೇಲೆ ಆ ಸಾಲ ವಸೂಲಾಗದಿದ್ದರೆ ಒಬ್ಬನ ತಲೆಗೇ ಕಟ್ಟುವುದಿಲ್ಲವೆಂಬ ಭರವಸೆ, ಈ ಮೂರೂ ಇಲ್ಲದಿದ್ದರೆ ಯಾವ ಅಧಿಕಾರಿಯೂ ಯಂತ್ರಕ್ಕೆ ಎದುರಾಡುವುದಿಲ್ಲ, ಎದುರಾಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ನಿಮ್ಮ ಪಾತ್ರವೇನೆಂಬ ಪ್ರಶ್ನೆಗೆ ಉತ್ತರ ನಿಮ್ಮ ಬ್ಯಾಂಕು ಈ ಮೂರನ್ನು ಕೊಡುತ್ತದೆಯೇ ಎಂಬುದರ ಮೇಲೆ ನಿಂತಿದೆ. ತಿರಸ್ಕೃತವಾದ ಅರ್ಜಿಗಳಲ್ಲಿ ನಿಮ್ಮ ಸ್ವಂತ ಪರಿಶೀಲನೆಗೆ ಯೋಗ್ಯವೆಂದು ಕಂಡವನ್ನು ಪ್ರತ್ಯೇಕವಾಗಿ ಬರೆದಿಟ್ಟು, ಪ್ರತಿ ತ್ರೈಮಾಸಿಕಕ್ಕೊಮ್ಮೆ ಮರುಪರಿಶೀಲನೆ ಕೋರಿ ಮೇಲಕ್ಕೆ ಕಳಿಸುತ್ತ ಬನ್ನಿ. ಅವರಿಂದ ಬರುವ ಉತ್ತರವನ್ನೂ ಅದೇ ಕಡತದಲ್ಲಿ ಸೇರಿಸಿ.